ವೇಗಕ್ಕೆ ಊರಿನ ರಸ್ತೆ ತಾಣವಲ್ಲ

ಮಾನ್ಯ ಸಂಪಾದಕರೇ,

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ಆರಂಭವಾದ ಕಾರು ರೇಸಿನ ತಾಣ ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ಉತ್ತರ ಪಥದಲ್ಲಿ, ಹವ್ಯಾಸಿ ಚಾಲಕರೂ ನಿಗದಿತ ದಿನಗಳಂದು ಶುಲ್ಕ ತೆತ್ತು ಸ್ವಂತ ಕಾರು ಓಡಿಸಬಹುದು. ಅಲ್ಲಿ ಎಲ್ಲರೂ ಸಾಗುವುದು ಒಂದೇ ದಿಕ್ಕಿನಲ್ಲಿ. ಬಲಗಡೆಯಿಂದ ಹಿಂದಿಕ್ಕುವುದು ನಿಷಿದ್ಧ. 1976ರಲ್ಲಿ ಕಾರು ರೇಸಿನ ವಿಶ್ವ ಚಾಂಪಿಯನ್ ನಿಕಿ ಲೌಡಾ ಅವರೇ ಆ ಪಥದಲ್ಲಿ ಬೆಂಕಿಗೆ ಸಿಲುಕಿ ಸಾವಿನ ಅಂಚಿಗೆ ಹೋಗಿ ಬಂದರು.

ಕಲಬುರಗಿಯ ವರ್ತುಲ ರಸ್ತೆಯಲ್ಲಿ ತಡರಾತ್ರಿ ನಮ್ಮ ಹುಡುಗರು ಕಾರುಗಳ ಪೈಪೋಟಿ ನಡೆಸುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ತೊಗರಿ ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂಬದಿ ದೀಪವಿಲ್ಲದೆ ಸಾಗುವ ರಸ್ತೆಯಿದು. ವೇಗದ ಹಂಬಲ ತಪ್ಪೆಂದು ನಾನು ಹೇಳಲಾರೆ. ಆದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಪಥಗಳಲ್ಲಿ ಇವರಿಗೆ ತರಬೇತಿ ಕೊಡಿಸುವ ದಾರಿಯನ್ನು ಕ್ರೀಡಾ ಇಲಾಖೆ ಹುಡುಕಲಿ, ಅಲ್ಲಿಯವರೆಗೆ ಪೊಲೀಸರು ರಾತ್ರಿ ಗಸ್ತನ್ನು ಬಿಗಿಗೊಳಿಸಲಿ.

– ಓರ್ವ ಓದುಗ, ಕಲಬುರಗಿ