ದೇವರಾಯನದುರ್ಗದ ಹಾಸುಬಂಡೆ ಮೇಲೆ ಗುಂಡಿ ಬೇಡ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ತುಮಕೂರಿನವಳು. ನಮ್ಮೂರಿನ ಹೆಚ್ಚಿನವರು ದೇವರಾಯನದುರ್ಗಕ್ಕೆ ಹೋಗುವುದು ನರಸಿಂಹಸ್ವಾಮಿ ದರ್ಶನಕ್ಕೆ. ನಾನು ಮಾತ್ರ ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಹೋಗುತ್ತೇನೆ, ಡ್ರಾಸೆರಾ ಇಂಡಿಕಾ ಅನ್ನೋ ಪುಟ್ಟ ಗಿಡ ನೋಡಲು.

ಗೇಣುದ್ದದ ಗಿಡ. ದಾರದಂಥ ಎಲೆ, ಎಲೆ ತುಂಬಾ ಕೆಂಪು ಕೂದಲು, ಪ್ರತಿ ಕೂದಲ ತುದಿಯಲ್ಲೂ ಅಂಟಿನ ಹನಿ. ಬಿಸಿಲೇರಿದ ಮೇಲೂ ಇಬ್ಬನಿ ಆರಿಲ್ಲವೇನೋ ಅನ್ನಿಸುತ್ತದೆ. ಗುಂಗುರೋ ಸೊಳ್ಳೆಯೋ ಬಂದು ಕೂತರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಂಡೆ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ. ಆ ಕೊರತೆಯನ್ನು ಗಿಡ ಹುಳ ಅರಗಿಸಿಕೊಂಡು ತುಂಬಿಕೊಳ್ಳುತ್ತದೆ. ಹೂವಿಗೆ ಐದೇ ಎಸಳು, ತಿಳಿ ಗುಲಾಬಿ ಬಣ್ಣ. ಒಂದೇ ವರ್ಷದ ಬಾಳು. ಮಳೆಗೆ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ, ಬೇಸಿಗೆಗೆ ಮೊದಲೇ ಒಣಗಿಹೋಗುತ್ತದೆ.

ಇದು ಬೇರೆ ದೇಶಗಳಲ್ಲೂ ಇದೆ, ನಿಜ. ಆದರೆ ನಮ್ಮ ಒಣಕಾಡಿನ ಬೆಟ್ಟದಲ್ಲಿ ಇದಕ್ಕೆ ಸಿಗುವುದು ನೀರು ಜಿನುಗುವ, ಚಾಪೆಯಗಲದ ಒಂದೊಂದು ಜಾಗ ಅಷ್ಟೇ.

ನನಗೆ ಭಯ ಸಸಿ ನೆಡುವ ಕೆಲಸದ್ದು. ಮರವಿಲ್ಲದ ಹಾಸುಬಂಡೆ ಕಂಡರೆ ಎಲ್ಲರಿಗೂ "ಇಲ್ಲಿ ಖಾಲಿ ಇದೆಯಲ್ಲ" ಅನ್ನಿಸುತ್ತದೆ. ಶಾಲೆ ಮಕ್ಕಳ ಜೊತೆ ಗುಂಡಿ ತೋಡುವಾಗ ನನಗೂ ಹಾಗೇ ಅನ್ನಿಸುತ್ತಿತ್ತು. ವನಮಹೋತ್ಸವ 1950ರಿಂದಲೂ ಜುಲೈ ಮೊದಲ ವಾರದಲ್ಲಿ ನಡೆಯುತ್ತಿದೆ. ಡ್ರಾಸೆರಾ ಮೊಳೆಯುವುದೂ ಮಳೆಗಾಲದಲ್ಲೇ ಅಲ್ವಾ? ಆಗ ಅದು ಎಷ್ಟು ಸಣ್ಣದೆಂದರೆ ಗುದ್ದಲಿ ಹಿಡಿದವರ ಕಣ್ಣಿಗೆ ಬೀಳುವುದೇ ಇಲ್ಲ. ಗುಂಡಿಗೆ ಮಣ್ಣು, ಗೊಬ್ಬರ ಸುರಿದರೆ ಇನ್ನೂ ಕಷ್ಟ. ಹುಲ್ಲು ಜಾಸ್ತಿ ಬೆಳೆದು ನೆರಳು ಮಾಡುತ್ತದೆ. ನೆರಳಲ್ಲಿ ಈ ಗಿಡ ಉಳಿಯುವುದಿಲ್ಲ.

ಸಸಿ ನೆಡಬೇಡಿ ಅನ್ನುತ್ತಿಲ್ಲ. ಮಣ್ಣಿರುವ ಕಡೆ ಧಾರಾಳವಾಗಿ ನೆಡಿಸಿ. ಅದಕ್ಕೆ ಮೊದಲು, ಹೂವಿರುವ ತಿಂಗಳಲ್ಲಿ ಗಾರ್ಡ್, ವಾಚರ್‌ಗಳನ್ನು ಬಂಡೆಗಳ ಮೇಲೆ ಕಳಿಸಿ. ಗಿಡ ಇರುವ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿಸಿ. ಮುಂದಿನ ಮಳೆಗಾಲಕ್ಕೆ ಅಲ್ಲಿ ಗುಂಡಿ ತೋಡದಂತೆ ಆದೇಶ ಕೊಡಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬೋರ್ಡ್ ಮಾತ್ರ ಹಾಕಿಸಬೇಡಿ, ದಯವಿಟ್ಟು. ಬೋರ್ಡ್ ನೋಡಿ ಬಂದವರು ಕಿತ್ತುಕೊಂಡು ಹೋಗುತ್ತಾರೆ.

ಜಾಗ ತೋರಿಸಲು ನಾನೇ ಬರುತ್ತೇನೆ. ನೀವೂ ಬಂದರೆ ಸಂತೋಷ. ಬೆಳಿಗ್ಗೆ ಬೇಗ ಹೊರಡಬೇಕು. ಮಧ್ಯಾಹ್ನದ ಮೇಲೆ ಹೂ ಮುಚ್ಚಿಕೊಳ್ಳುತ್ತದೆ.

ಇಂತಿ,
ತುಮಕೂರಿನ ಒಬ್ಬ ನಿವೃತ್ತ ಶಿಕ್ಷಕಿ