ಆ ಕಲ್ಲಿನ ಬೆಂಚು ಎಲ್ಲಿಗೆ ಹೋಯಿತು?

ಮಾನ್ಯ ಸಂಪಾದಕರೇ,

ನಮ್ಮ ಮನೆ ಹತ್ತಿರದ ಸಣ್ಣ ಗಾರ್ಡನ್ನಿಗೆ ಮಳೆಗಾಲಕ್ಕೆ ಮುಂಚೆ ಬೀಗ ಬಿದ್ದಿತ್ತು. ಗೇಟಿನ ಮೇಲೆ 'ಸುಶೋಭೀಕರಣ' ಅಂತ ಮರಾಠಿ ಬೋರ್ಡು. ಚೌತಿ ಹೊತ್ತಿಗೆ ತೆರೆದರು. ಜಾಗಿಂಗ್ ಟ್ರ್ಯಾಕ್ ಬಂದಿದೆ, ಬಣ್ಣದ ಲೈಟು ಬಂದಿದೆ. ಚೆನ್ನಾಗಿಯೇ ಇದೆ, ಸುಮ್ನೆ ದೂರುವುದಿಲ್ಲ. ಆದರೆ ಮೂಲೆಯಲ್ಲಿದ್ದ ಕಲ್ಲಿನ ಬೆಂಚು ಇಲ್ಲ. ಊರಿಂದ ಬಂದು ಇಲ್ಲಿ ಹೋಟೆಲ್ ನಡೆಸಿದ ಒಬ್ಬರು ತಮ್ಮ ತಾಯಿಯ ನೆನಪಿಗೆ ಹಾಕಿಸಿದ್ದ ಬೆಂಚು ಅದು. ಮೇಲೆ ಮರಾಠಿ, ಕೆಳಗೆ ಕನ್ನಡ. ಇಂಗ್ಲಿಷ್ ಶಾಲೆಗೆ ಹೋಗುವ ನನ್ನ ಮಗಳು ಬೆರಳಿಟ್ಟು ಕನ್ನಡ ಓದಲು ಕಲಿತದ್ದು ಅದರ ಮೇಲೇ. ಕೆಲಸದವರನ್ನು ಕೇಳಿದೆ. ಹಳೇ ಸಾಮಾನಿನ ಜೊತೆ ಟೆಂಪೋದಲ್ಲಿ ಹೋಯಿತು ಅಂದರು.

ಹಳೇ ಸಾಮಾನನ್ನು ಏನು ಮಾಡಬೇಕು ಅಂತ ಮುಂಬಯಿಗೆ ಗೊತ್ತಿಲ್ಲದ್ದೇನಲ್ಲ. ಭಾಯಖಳಾದ ರಾಣಿಬಾಗಿಗೆ ಹೋಗಿ ನೋಡಿ. 1862ರಲ್ಲಿ ತೆರೆದಾಗ ಅದು ವಿಕ್ಟೋರಿಯಾ ರಾಣಿಯ ಹೆಸರಿನ ತೋಟ. ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ರಾಣಿಬಾಗ್. ಯಾವ ರಾಣಿ ಅಂತ ಟ್ಯಾಕ್ಸಿಯವನು ಕೇಳುವುದಿಲ್ಲ.

ಅಲ್ಲಿ ಮ್ಯೂಸಿಯಂ ಪಕ್ಕ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿಯದ್ದು. ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಅಂತ ಕರೆದದ್ದು ಇದೇ ಆನೆಯನ್ನು ನೋಡಿ. 1864ರಲ್ಲಿ ಬ್ರಿಟಿಷರು ಇದನ್ನು ಇಂಗ್ಲೆಂಡಿಗೆ ಸಾಗಿಸಲು ಕ್ರೇನಿನಲ್ಲಿ ಎತ್ತಿಸಿದರು. ಆನೆ ಬಿದ್ದು ಚೂರಾಯಿತು. ಬಿದ್ದದ್ದೇ ಒಳ್ಳೆಯದಾಯಿತು, ಅಲ್ವಾ? ಆ ಚೂರುಗಳನ್ನು ಸಮುದ್ರಕ್ಕೆ ತಳ್ಳಲಿಲ್ಲ. ಈ ತೋಟಕ್ಕೆ ತಂದರು, 1914ರಲ್ಲಿ ಜೋಡಿಸಿ ನಿಲ್ಲಿಸಿದರು.

ದಕ್ಷಿಣ ಮುಂಬಯಿಯ ಕಾಲಾ ಘೋಡಾದ ಕಥೆಯೂ ಇಲ್ಲಿಗೇ ಬರುತ್ತದೆ. ಏಳನೇ ಎಡ್ವರ್ಡ್ ದೊರೆ ಕೂತಿದ್ದ ಆ ಕಪ್ಪು ಕುದುರೆಯ ಪ್ರತಿಮೆಯನ್ನು 1965ರಲ್ಲಿ ಕಿತ್ತು ರಾಣಿಬಾಗಿಗೆ ಕಳಿಸಿದರು. ಕುದುರೆ ಹೋದರೂ ಆ ಜಾಗದ ಹೆಸರು ಹೋಗಲಿಲ್ಲ. ಕೊನೆಗೆ 2017ರಲ್ಲಿ ಅಲ್ಲಿ ಹೊಸ ಕುದುರೆ ಬಂತು, ಬೆನ್ನ ಮೇಲೆ ಯಾರೂ ಇಲ್ಲದ್ದು. ದೊರೆ ಬೇಡ, ಕುದುರೆ ಬೇಕು!

ರಾಣಿಬಾಗಿನ ಮರಗಳಲ್ಲೂ ನಮ್ಮ ಹಾಗೆ ಹೊರಗಿನಿಂದ ಬಂದವು ಬೇಕಾದಷ್ಟಿವೆ. ಮರಾಠಿಯಲ್ಲಿ ಗೋರಖ ಚಿಂಚ್ (ಚಿಂಚ್ ಅಂದರೆ ಹುಣಸೆ) ಅನ್ನುವ ದಪ್ಪ ಕಾಂಡದ ಮರ ಆಫ್ರಿಕಾದ್ದು. ಸವಣೂರಿನವರು ಅದನ್ನು ನೋಡಿದರೆ ಅರೆ, ನಮ್ಮ ದೊಡ್ಡ ಹುಣಸೆ ಅಂದಾರು. ಮರಾಠಿಯವರಿಗೂ ನಮಗೂ ಅದರಲ್ಲಿ ಹುಣಸೆಯೇ ಕಂಡಿದೆ ನೋಡಿ. ನಾಗಲಿಂಗದ ಮರ ದಕ್ಷಿಣ ಅಮೆರಿಕದ್ದು, ಹೂ ಮಾತ್ರ ನಮ್ಮ ಶಿವನಿಗೆ. ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನನ್ನ ಅಪ್ಪ, ರಜೆ ಸಿಕ್ಕಿದ ದಿನ ಆ ಮರದ ಕೆಳಗೆ ಹೋಗಿ ಕೂರುತ್ತಿದ್ದರಂತೆ. ಊರ ದೇವಸ್ಥಾನದ ವಾಸನೆ ಬರುತ್ತದೆ ಅಂತ.

ಗಾರ್ಡನ್ ಹೊಸದು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಗುದ್ದಲಿ ಹಾಕುವ ಮುಂಚೆ ಬೆಳಿಗ್ಗೆ ವಾಕಿಂಗ್ ಬರುವ ನಾಲ್ಕು ಹಿರಿಯರನ್ನು ಕೇಳಲಿ. ಯಾವ ಬೆಂಚು ಯಾರು ಕೊಟ್ಟದ್ದು, ಯಾವ ಮರ ಯಾರು ನೆಟ್ಟದ್ದು ಅಂತ ಬರೆದುಕೊಳ್ಳಲಿ. ಹೊಸ ನಕ್ಷೆಯಲ್ಲಿ ಜಾಗ ಇಲ್ಲದಿದ್ದರೆ ಹಿಂದಿನ ಗೋಡೆ ಪಕ್ಕ ಇಡಲಿ. ಇಂಗ್ಲೆಂಡಿನ ದೊರೆಗೇ ಒಂದು ಮೂಲೆ ಕೊಟ್ಟ ಊರಿದು, ಒಬ್ಬ ತಾಯಿಯ ಬೆಂಚಿಗೆ ಇಲ್ಲವೇ?

ಆ ಟೆಂಪೋ ಸಾಮಾನು ಎಲ್ಲಿ ಸುರಿಯಿತು ಅಂತ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ತಿಳಿಸಿ. ಕರಿಕಲ್ಲು. ಎಡಗಡೆ ಅಂಚು ಸ್ವಲ್ಪ ಒಡೆದಿದೆ. ಕನ್ನಡದ ಸಾಲು ಕೆಳಗಡೆ ಇದೆ.

– ಒಬ್ಬ ಓದುಗ, ವಡಾಲಾ, ಮುಂಬಯಿ