ಕೇಬಲ್ ತುಂಡಾಗಲಿ ಅಂತ ಕಾಯ್ತಿದ್ದೀರಾ, ಸಚಿವರೇ?

ಸಾಗರ ಸಂಶೋಧನಾ ಖಾತೆಯ ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಸಂಶೋಧನಾ ಹಡಗಿನಲ್ಲಿ ಆಳದ ನೀರಿನ ಮಾದರಿ ತೆಗೆಯುವವನು. ವಿಂಚ್‌ನ (ಉಪಕರಣ ಇಳಿಸಿ ಎತ್ತುವ ಯಂತ್ರದ) ಕೇಬಲ್ ಬದಲಿಸಿ ಎಂದು 4 ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ. ಇನ್ನು ಸುಮ್ನೆ ಇರೋಕೆ ಆಗಲ್ಲ.

ಉಪ್ಪುನೀರಿಗೆ ಕೇಬಲ್ ತುಕ್ಕು ಹಿಡಿಯುತ್ತದೆ. ಕೆಟ್ಟ ಭಾಗ ಕತ್ತರಿಸಿ ತುದಿಯನ್ನು ಮತ್ತೆ ಜೋಡಿಸಬೇಕು. ನಿಯಮ ನಿಮಗೇ ಗೊತ್ತು. ಹಾಗೆ ಕತ್ತರಿಸಿ ಕತ್ತರಿಸಿ 6,000 ಮೀಟರ್ ಇದ್ದದ್ದು 3,400ಕ್ಕೆ ಇಳಿದಿದೆ. ಅದರಲ್ಲೂ ಕೇಬಲ್ ಸುತ್ತುವ ಡ್ರಮ್ಮಿನಲ್ಲಿ ಕೆಲವು ಸುತ್ತು ಉಳಿಸಲೇಬೇಕು. ಸಮುದ್ರದ ಸರಾಸರಿ ಆಳವೇ ಸುಮಾರು 3,700 ಮೀಟರ್. ತಳದ ನೀರು ತರೋದು ಹೇಗೆ, ಹಗ್ಗ ಕಟ್ಟಿ ಬಿಂದಿಗೆ ಇಳಿಸೋದಾ?

ಕಳೆದ ಯಾನದ ಒಂದು ರಾತ್ರಿ ಹೇಳಲೇಬೇಕು. ಏಳು ದಿನ ಸಾಗಿ ಆ ಜಾಗ ತಲುಪಿದ್ದೆವು. ನೀರು ಹಿಡಿಯುವ 24 ನಿಸ್ಕಿನ್ ಬಾಟಲಿ ಕಟ್ಟಿದ ರೊಸೆಟ್ ಎಂಬ ಚೌಕಟ್ಟನ್ನು ಇಳಿಸಿದೆವು. ಈ ಬಾಟಲಿಗಳು ಎರಡೂ ಕಡೆ ಬಾಯಿ ತೆರೆದೇ ಇಳಿಯುತ್ತವೆ. ಮೇಲೆ ಬರುವಾಗ ಬೇಕಾದ ಆಳದಲ್ಲಿ ನಾವು ಕೇಬಲ್ ಮೂಲಕ ಸಿಗ್ನಲ್ ಕೊಟ್ಟರೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಅವತ್ತು ಕೇಬಲ್ಲಿನೊಳಗಿನ ತಂತಿ ಕೈಕೊಟ್ಟಿತು. ಎರಡು ಗಂಟೆಗೂ ಜಾಸ್ತಿ ಚಳಿಯಲ್ಲಿ ಡೆಕ್ ಮೇಲೆ ನಿಂತು ಕಾದೆವು. 24 ಬಾಟಲಿಯೂ ಬಾಯಿ ಬಿಟ್ಟುಕೊಂಡೇ ಮೇಲೆ ಬಂದವು. ಒಂದು ಹನಿ ನೀರಿಲ್ಲ. ಆಮ್ಲಜನಕ ಅಳೆಯಲು ಸೀಸೆ ಹಿಡಿದು ನಿಂತಿದ್ದ ಹುಡುಗಿ ಸುಮ್ಮನೆ ಒಳಗೆ ಹೋದಳು.

ವರದಿ ಕಳಿಸಿದ್ದಕ್ಕೆ ಕಚೇರಿಯಿಂದ ಬಂದ ಉತ್ತರ: 'ಕೇಬಲ್ ಪೂರ್ತಿ ತುಂಡಾಗಿಲ್ಲ. ತುಂಡಾದ ನಂತರ ಅರ್ಜಿ ಸಲ್ಲಿಸಿ.' ತುಂಡಾದರೆ ಬಾಟಲಿ, ಸೆನ್ಸರ್, ಚೌಕಟ್ಟು ಎಲ್ಲ ತಳಕ್ಕೇ ಅಲ್ವಾ ಸಾರ್? ಆಗ ಯಾವುದಕ್ಕೆ ಕಟ್ಟಲಿ ನಿಮ್ಮ ಹೊಸ ಕೇಬಲ್?

'ಆರ್ಗೋ ಫ್ಲೋಟ್‌ಗಳಿವೆಯಲ್ಲ' ಎಂದೂ ಬರೆದಿದ್ದಾರೆ. ಇವೆ, ಸಾಗರಗಳಲ್ಲಿ ತಾವೇ ಮುಳುಗಿ ತೇಲುತ್ತಾ ಅಳೆಯುವ ಸುಮಾರು 4,000 ಉಪಕರಣಗಳು. ಒಳ್ಳೆಯ ಯಂತ್ರಗಳೇ. ಹೆಚ್ಚಿನವು 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಆದರೆ ನೀರು ತಂದುಕೊಡುವುದಿಲ್ಲ. ಆ ನೀರಿನ ಸೂಕ್ಷ್ಮಜೀವಿಗಳನ್ನು ಉಪಗ್ರಹದಿಂದ ಸೋಸಿ ತೆಗೆಯೋಕಾಗುತ್ತಾ? ಫ್ಲೋಟ್‌ನ ಸೆನ್ಸರ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲೂ ಹಡಗಿನ ಅಳತೆಯೇ ಬೇಕು.

ಕೇಬಲ್ ಕೊಡಿಸಿ. ಹೊಸ ಹಡಗು ಕೇಳಿಲ್ಲ, ಜಲಾಂತರ್ಗಾಮಿ ಕೇಳಿಲ್ಲ. ಮುಂದಿನ ಯಾನಕ್ಕೆ ಮುಂಚೆ 6,000 ಮೀಟರ್ ಕೇಬಲ್ ಕೊಡಿಸಿ, ಅಷ್ಟೇ.

ಪತ್ರದ ಜೊತೆ ಮೊನ್ನೆ ಕತ್ತರಿಸಿದ ಎರಡು ಮೀಟರ್ ಕೇಬಲ್ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ತುಂಡಾದದ್ದು ಬೇಕು ಅಂದಿದ್ದರಲ್ಲ.

ಇಂತಿ,
ಡೆಕ್ ಮೇಲೆ ಕಾಯುತ್ತಿರುವ ಒಬ್ಬ ತಂತ್ರಜ್ಞ